ಹ್ಯಾಮ್‌ಸ್ಟರ್‌ಗೆ ಕಾಯಿಪಲ್ಯೆ ಹಾಕೋ ಮುಂಚೆ ಒಂದು ತಕ್ಕಡಿ ತಗೊಳ್ಳಿ

ಹ್ಯಾಮ್‌ಸ್ಟರ್ ಸಾಕೋದು ಸರಿಯೋ ತಪ್ಪೋ ಅನ್ನೋ ಚರ್ಚೆಗೆ ಇವತ್ತು ಹೋಗೋದಿಲ್ಲ. ಅದು ಬೇರೆಯೇ ದೊಡ್ಡ ಕಥೆ. ನನ್ನ ವಾದ ಇಷ್ಟೇ. ಮನೆಗೆ ತಂದಾಗಿದೆ ಅಂದಮೇಲೆ, ಅದಕ್ಕೆ ಹಸಿ ತರಕಾರಿ ಹಾಕುವಾಗ "ಯಾವುದು ಹಾಕಬಹುದು?" ಅನ್ನೋದರಷ್ಟೇ "ಎಷ್ಟು ಹಾಕಬಹುದು?" ಅನ್ನೋದೂ ಮುಖ್ಯ. ಮೊದಲನೇ ಪ್ರಶ್ನೆಯನ್ನ ಎಲ್ಲರೂ ಕೇಳ್ತಾರೆ. ಎರಡನೆಯದನ್ನ ಯಾರೂ ಕೇಳಲ್ಲ. ಮಾರುವವರು ಎಷ್ಟೋ ಸಲ ಎರಡಕ್ಕೂ ಉತ್ತರ ಕೊಡಲ್ಲ.

ಈ ವಿಷಯ ತಲೆಗೆ ಹೊಕ್ಕಿದ್ದು ನಮ್ಮ ಗೋಕಾಕ ಫಾಲ್ಸ್‌ನಿಂದ. ಹೊರಗಿನವರಿಗೆ ಆ ಊರು ಅಂದ್ರೆ 52 ಮೀಟರ್ ಎತ್ತರದಿಂದ ಬೀಳೋ ಘಟಪ್ರಭೆ, ತೂಗು ಸೇತುವೆ, 1885ರಲ್ಲಿ ಶುರುವಾದ ನೂಲಿನ ಗಿರಣಿ. ಅಂಥ ಊರಲ್ಲೂ ಹ್ಯಾಮ್‌ಸ್ಟರ್ ಇದಾವಾ ಅಂತ ನಗಬೇಡಿ, ಇದಾವೆ! ಬೆಳಗಾವಿಗೋ ಪುಣೆಗೋ ಹೋದವರು ಮಕ್ಕಳ ಹಟಕ್ಕೆ ಸೋತು ಒಂದು ಪಂಜರ, ಒಂದು ಗಾಲಿ, ಅಂಗೈಯಲ್ಲಿ ಹಿಡಿಸೋ ಒಂದು ಪ್ರಾಣಿ ತಂದುಬಿಡ್ತಾರೆ. ನಮ್ಮ ಅಕ್ಕನ ಮನೆಗೂ ಹೀಗೇ ಒಂದು ಬಂತು.

"ಅದಕ್ಕ ಏನ್ ಹಾಕಬೇಕಂತ ಅಂಗಡ್ಯಾಂವ ಹೇಳ್ಯಾನಕ್ಕಾ?" ಅಂತ ಫೋನಲ್ಲಿ ಕೇಳಿದೆ.

"ಏನ್ ಹಾಕಿದ್ರೂ ತಿಂತೈತ್ರೀ ಅಂದಾನ. ಇಲಿ ಜಾತಿ ಅಲ್ಲೇನೋ ತಮ್ಮಾ, ತಿನ್ನಲಾರದ್ದ ಅದಕ್ಕ ಏನೈತಿ?"

ಏನು ಹಾಕಿದರೂ ತಿಂತದೆ... ಈ ಮಾತು ಪೂರ್ತಿ ಸುಳ್ಳಲ್ಲ, ತೊಂದರೆ ಇರೋದೇ ಅಲ್ಲಿ. ಕೊಟ್ಟಿದ್ದರಲ್ಲಿ ಬಹಳಷ್ಟನ್ನ ಅದು ತಗೊಳ್ಳುತ್ತೆ. ತಗೊಂಡಿದ್ದೆಲ್ಲ ಅದಕ್ಕೆ ದಕ್ಕುತ್ತೆ ಅಂತೇನಿಲ್ಲ. ಕಂಪೈಲ್ ಆದ ಕೋಡೆಲ್ಲ ಸರಿಯಾಗಿ ಓಡುತ್ತೆ ಅಂತ ನಂಬೋ ಹಾಗಾಯ್ತು :-)

ಮೊದಲು ಇದು ಎಂಥ ಪ್ರಾಣಿ ಅಂತ ನೋಡೋಣ. 1930ರಲ್ಲಿ ಇಸ್ರೇಲ್ ಅಹರೋನಿ ಅನ್ನೋ ಪ್ರಾಣಿವಿಜ್ಞಾನಿ ಸಿರಿಯಾದ ಅಲೆಪ್ಪೊ ಊರಿನ ಹತ್ತಿರ ಹೊಲದಲ್ಲಿ ನೆಲ ಅಗೆಸಿ ಒಂದು ತಾಯಿ ಮತ್ತು ಅದರ ಮರಿಗಳನ್ನ ಹಿಡಿದರು. ಇವತ್ತು ಜಗತ್ತಿನ ಮನೆಗಳಲ್ಲಿರೋ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಮ್ಮಿ ಎಲ್ಲವೂ ಆ ಒಂದು ಸಂಸಾರದ ಸಂತಾನ. ಅಂದ್ರೆ ಇದು ಒಣ ಭೂಮಿಯ ಪ್ರಾಣಿ. ಕಾಳು, ಬೀಜ, ಒಂದಿಷ್ಟು ಸೊಪ್ಪು, ಸಿಕ್ಕರೆ ಹುಳ. ಗಲ್ಲದ ಎರಡೂ ಕಡೆ ಚೀಲ ಇರುತ್ತೆ, ಅದರಲ್ಲಿ ಕಾಳು ತುಂಬಿಕೊಂಡು ಬಿಲಕ್ಕೆ ಒಯ್ದು ಕೂಡಿಡುತ್ತೆ.

ನಮ್ಮ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಬಹಳ ಸುಲಭ. ನಮ್ಮ ಹಿರಿಯರು ಜೋಳ ತುಂಬಿಡ್ತಿದ್ದ ಹಗೇವು ನೆನಪಿಸಿಕೊಳ್ಳಿ. ಒಣ ಜೋಳ ಹಾಕಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರ್ತಿತ್ತು. ಅದೇ ಹಗೇವಿಗೆ ನೀರು ಇಳಿದರೆ? ಇಡೀ ಹಗೇವು ಮುಗ್ಗಿ ಹೋಗ್ತಿತ್ತು. ಹ್ಯಾಮ್‌ಸ್ಟರಿನ ಗೂಡು ಅಂಥದೇ ಒಂದು ಪುಟ್ಟ ಹಗೇವು. ಅದಕ್ಕೆ ನಾವು ಸೌತೆಕಾಯಿ ಹೋಳು ಹಾಕ್ತೀವಿ, ಅದು ಅರ್ಧ ತಿಂದು ಉಳಿದದ್ದನ್ನ ಹಾಸಿಗೆ ಕೆಳಗೆ ಬಚ್ಚಿಡುತ್ತೆ. ನಾವು "ಅಬ್ಬಾ, ಪೂರ್ತಿ ತಿಂತು!" ಅಂತ ಖುಷಿಪಡ್ತೀವಿ. ಗೋಕಾಕದ ಏಪ್ರಿಲ್ ಬಿಸಿಲಿನ ಸೆಕೆಗೆ ಅದು ಬೆಳಗಾಗೋದರೊಳಗೆ ಹುಳಿಯಾಗಿ, ಮರುದಿನ ಬೂಸ್ಟು ಹಿಡಿಯುತ್ತೆ. ಮೂರನೇ ದಿನ ಹಸಿವಾದಾಗ ಅದನ್ನೇ ತೆಗೆದು ತಿನ್ನುತ್ತೆ.

ಎರಡನೇ ಗೊಂದಲ ಹೆಸರಿನದು. ನಮ್ಮಲ್ಲಿ ಹ್ಯಾಮ್‌ಸ್ಟರ್, ಗಿನಿಪಿಗ್, ಪ್ರಯೋಗಶಾಲೆಯ ಇಲಿ ಎಲ್ಲಕ್ಕೂ ಒಂದೇ ಹೆಸರು, "ಬಿಳಿ ಇಲಿ". ಹೆಸರು ಒಂದಾದರೆ ಊಟವೂ ಒಂದೇ ಆಗಿಬಿಡುತ್ತೆ. ಗಿನಿಪಿಗ್ ನಮ್ಮ ಹಾಗೆ ವಿಟಮಿನ್ ಸಿ ಅನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು, ಅದಕ್ಕೆ ದಿನವೂ ಹುಲ್ಲು, ಹಸಿರು ಬೇಕೇ ಬೇಕು. ಹ್ಯಾಮ್‌ಸ್ಟರ್ ತನಗೆ ಬೇಕಾದ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳುತ್ತೆ. ಪಕ್ಕದ ಮನೆಯ ಮೊಲಕ್ಕೆ, ಗಿನಿಪಿಗ್‌ಗೆ ಬುಟ್ಟಿ ತುಂಬ ಸೊಪ್ಪು ಹಾಕೋದನ್ನ ನೋಡಿ ಹ್ಯಾಮ್‌ಸ್ಟರ್‌ಗೂ ಹಾಗೇ ಹಾಕಿದರೆ ಬೇಧಿ ಗ್ಯಾರಂಟಿ.

ಈಗ ಲೆಕ್ಕ ಮಾಡೋಣ. ಪೂರ್ತಿ ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್ ಸುಮಾರು 100ರಿಂದ 150 ಗ್ರಾಂ ತೂಗುತ್ತೆ. ಅಂಗಡಿಯಲ್ಲಿ ಡ್ವಾರ್ಫ್ ಅಂತ ಕೊಡ್ತಾರಲ್ಲ, ಅದು 30ರಿಂದ 50 ಗ್ರಾಂ. ಸೌತೆಕಾಯಿಯ ಒಂದು ದುಂಡನೆ ಹೋಳು 10 ಗ್ರಾಂ ಅಂತ ಹಿಡಿಯಿರಿ. 40 ಗ್ರಾಂ ಪ್ರಾಣಿಗೆ 10 ಗ್ರಾಂ ಅಂದ್ರೆ ಅದರ ಮೈತೂಕದ ಕಾಲು ಭಾಗ. 60 ಕೆಜಿ ತೂಗೋ ನನಗೆ ಒಂದೇ ಸಲಕ್ಕೆ 15 ಕೆಜಿ ಸೌತೆಕಾಯಿ ಮುಂದಿಟ್ಟ ಹಾಗೆ. ಸೌತೆಕಾಯಿಯಲ್ಲಿ ನೂರಕ್ಕೆ 95 ಭಾಗ ನೀರೇ. ಒಣ ಕಾಳು ತಿಂದು ಬದುಕೋದಕ್ಕೆ ಹೊಂದಿಕೊಂಡ ಹೊಟ್ಟೆ ಅದನ್ನ ಹೇಗೆ ತಡೆದುಕೊಳ್ಳಬೇಕು ಹೇಳಿ?

ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. ಅಕ್ಕನ ಮಗಳ ಗೆಳತಿಯ ಮನೇಲಿ ಒಂದು ಡ್ವಾರ್ಫ್ ಇತ್ತು. ಬೇಸಿಗೆ ರಜೆ, ಓಣಿಯ ನಾಲ್ಕು ಮಕ್ಕಳು, ನಾಲ್ಕೂ ಕೈಯಲ್ಲಿ ಒಂದೊಂದು ಹೋಳು. ಪ್ರತಿಯೊಬ್ಬರೂ ಹಾಕಿದ್ದು ಒಂದೇ ಹೋಳು, ಎಲ್ಲರೂ ಪ್ರೀತಿಯಿಂದಲೇ ಹಾಕಿದ್ದು. ಕೂಡಿಸಿದರೆ ಆ ಪ್ರಾಣಿಯ ತೂಕದಷ್ಟೇ ಸೌತೆಕಾಯಿ ಪಂಜರದಲ್ಲಿತ್ತು. ಮರುದಿನ ಬೇಧಿ, ಅದರ ಮರುದಿನ ಪ್ರಾಣಿ ಇಲ್ಲ. ಅದಕ್ಕೆ ಬೇರೆ ರೋಗವೂ ಇದ್ದಿರಬಹುದು. ಮೂರರಿಂದ ಎಂಟು ವಾರದ ಮರಿಗಳಿಗೆ "ವೆಟ್ ಟೇಲ್" ಅನ್ನೋ ಸೋಂಕು ಬರುತ್ತೆ, ಲಾಸೋನಿಯಾ ಅನ್ನೋ ಬ್ಯಾಕ್ಟೀರಿಯಾದಿಂದ, ಎರಡೇ ದಿನದಲ್ಲಿ ಜೀವ ಹೋಗಬಹುದು. ತರಕಾರಿ ಹೆಚ್ಚಾಗಿ ಆದ ಬೇಧಿಗೂ ಆ ಸೋಂಕಿನ ಬೇಧಿಗೂ ವ್ಯತ್ಯಾಸ ಮನೇಲಿ ಕೂತು ಹೇಳೋಕೆ ಬರಲ್ಲ. ಹಾಗಾಗಿ ಹಿಂಬದಿ ಒದ್ದೆಯಾಗಿ ಮುದುರಿ ಕೂತಿದ್ದರೆ "ನಾಳೆ ನೋಡೋಣ" ಅನ್ನೋ ಮಾತೇ ಇಲ್ಲ, ಆವತ್ತೇ ಡಾಕ್ಟರ್ ಹತ್ತಿರ ಓಡಬೇಕು.

ಆದರೆ ಯಾವ ಡಾಕ್ಟರ್? ತಾಲೂಕಿನ ಪಶು ಆಸ್ಪತ್ರೆಗಳ ಕೆಲಸವೆಲ್ಲ ಆಕಳು, ಎಮ್ಮೆ, ಆಡು, ಕುರಿಗಳದು. ಅದು ತಪ್ಪೂ ಅಲ್ಲ, ರೈತನ ಜೀವನ ಅದರ ಮೇಲಿದೆ. 40 ಗ್ರಾಂ ಪ್ರಾಣಿಗೆ ಔಷಧದ ಪ್ರಮಾಣ ಲೆಕ್ಕ ಹಾಕಿ ರೂಢಿ ಇರೋರನ್ನ ಹುಡುಕಿಕೊಂಡು ಕನಿಷ್ಠ ಬೆಳಗಾವಿಗಾದರೂ ಹೋಗಬೇಕು. ಪ್ರಾಣಿ ತಂದ ಬೆಲೆಗಿಂತ ಹೋಗಿಬರೋ ಖರ್ಚೇ ಹೆಚ್ಚಾಗುತ್ತೆ. ಆಗ ಮನೇಲಿ ದೊಡ್ಡವರು ಹೇಳೋದು ಒಂದೇ ಮಾತು, "ಹೋಗಲಿ ಬಿಡ, ಇನ್ನೊಂದ ತಂದ್ರಾತು." ಆ ಮಾತನ್ನ ಪಕ್ಕದಲ್ಲಿ ನಿಂತ ಎಂಟು ವರ್ಷದ ಮಗು ಕೇಳಿಸಿಕೊಳ್ತಿರುತ್ತೆ. ನನಗೆ ನಿಜವಾಗಿ ಸಂಕಟ ಆಗೋದು ಅಲ್ಲಿ. ಆಸ್ಪತ್ರೆ ದೂರ ಇರೋ ಊರಲ್ಲಿ ಅಡುಗೆಮನೆಯೇ ಆ ಪ್ರಾಣಿಯ ಆಸ್ಪತ್ರೆ. ಇಲ್ಲಿ ಸರಿಯಾಗಿ ನೋಡಿಕೊಂಡರೆ ಎಷ್ಟೋ ಸಲ ಅಲ್ಲಿಗೆ ಹೋಗೋ ಪ್ರಸಂಗ ಬರಲ್ಲ.

ಸರಿ, ಯಾವುದು ಹಾಕಬಹುದು? ಇಂಗ್ಲಿಷ್ ಪಟ್ಟಿಗಳಲ್ಲಿ ಕೇಲ್, ಝುಕಿನಿ, ಡ್ಯಾಂಡೆಲಿಯನ್ ಅಂತೆಲ್ಲ ಇರುತ್ತೆ. ಗೋಕಾಕ ಬಜಾರಿನಲ್ಲಿ ಯಾರನ್ನ ಕೇಳೋದು ಇವನ್ನ? ನಮ್ಮ ಪಟ್ಟಿ ನಮ್ಮ ರೊಟ್ಟಿ ತಾಟಿನಿಂದ ಶುರುವಾಗಬೇಕು. ನಾವು ರೊಟ್ಟಿ ಜೊತೆ ಹಸಿಯಾಗಿ ಕಡಿಯೋದು ಏನೇನು? ಉಳ್ಳಾಗಡ್ಡಿ, ಅದರ ತಪ್ಪಲು, ಸೌತೆಕಾಯಿ, ಗಜ್ಜರಿ, ಮೂಲಂಗಿ, ಮೆಂತ್ಯ ಸೊಪ್ಪು, ಹಕ್ಕರಕಿ, ಹಸಿಮೆಣಸಿನಕಾಯಿ. ಮಕ್ಕಳು ಊಟಕ್ಕೆ ಕೂತಾಗ ಪಂಜರದೊಳಗೆ ತುರುಕೋದೂ ಇದನ್ನೇ. ಈ ತಾಟಿನಲ್ಲಿ ಅರ್ಧ ಸರಿ, ಅರ್ಧ ಅಪಾಯ.

ಉಳ್ಳಾಗಡ್ಡಿ, ಉಳ್ಳಾಗಡ್ಡಿ ತಪ್ಪಲು, ಬಳ್ಳೊಳ್ಳಿ: ಮುಟ್ಟಿಸಲೇಬೇಡಿ. ಇವುಗಳಲ್ಲಿರೋ ಗಂಧಕದ ಸಂಯುಕ್ತಗಳು ಪ್ರಾಣಿಗಳ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗಲ್ಲ, ಹಾಗಾಗಿ ಪಲ್ಯ, ಸಾರಿನ ಹೋಳೂ ಬೇಡ.

ಹಸಿ ಬಟಾಟೆ, ಅದರಲ್ಲೂ ಹಸಿರಾದದ್ದು, ಮೊಳಕೆ ಬಂದದ್ದು: ಬೇಡ. ಸೊಲನಿನ್ ಅನ್ನೋ ವಿಷ ಇರುತ್ತೆ. ಟೊಮೆಟೊ, ಬದನೆ ಗಿಡಗಳ ಎಲೆ, ಕಾಂಡಕ್ಕೂ ಇದೇ ಮಾತು.

ಹಸಿ ರಾಜ್ಮಾ, ಹಸಿ ಬೀನ್ಸ್ ಕಾಳು: ಬೇಡ. ಚೆನ್ನಾಗಿ ಬೇಯಿಸದೆ ತಿಂದರೆ ಮನುಷ್ಯರಿಗೇ ವಾಂತಿಯಾಗುತ್ತೆ.

ಹಸಿಮೆಣಸಿನಕಾಯಿ, ಲಿಂಬು, ಮೋಸಂಬಿ: ಬೇಡ. ಮೂಲಂಗಿಯ ಘಾಟೂ ಅದಕ್ಕೆ ಬೇಕಾಗಿಲ್ಲ.

ಸೌತೆಕಾಯಿ, ಗಜ್ಜರಿ, ಬೀಜ ತೆಗೆದ ದೊಣ್ಣೆಮೆಣಸಿನಕಾಯಿ, ಕುಂಬಳಕಾಯಿ, ಹೂಕೋಸಿನ ಒಂದು ಚಿಕ್ಕ ಎಸಳು, ಕೊತ್ತಂಬರಿ ಮತ್ತು ಮೆಂತ್ಯದ ಒಂದೆರಡು ಎಲೆ: ಕೊಡಬಹುದು. ಪಾಲಕ್, ರಾಜಗಿರಿ ಅಪರೂಪಕ್ಕೆ ಸಾಕು, ಆಕ್ಸಲೇಟ್ ಜಾಸ್ತಿ. ಗಜ್ಜರಿ, ಬೀಟ್‌ರೂಟ್‌ನಲ್ಲಿ ಸಕ್ಕರೆ ಇದೆ. ಡ್ವಾರ್ಫ್‌ಗಳಿಗೆ, ಅದರಲ್ಲೂ ಕ್ಯಾಂಪ್‌ಬೆಲ್ ಜಾತಿಗೆ, ಸಕ್ಕರೆ ಕಾಯಿಲೆ ಸುಲಭವಾಗಿ ಬರೋದರಿಂದ ಕೈ ಬಿಗಿ ಹಿಡಿಯಿರಿ. ಮೂಡಲಗಿ, ಹುಕ್ಕೇರಿ ಕಡೆ ಎಲ್ಲಿ ನೋಡಿದರೂ ಕಬ್ಬು, ಮಕ್ಕಳ ಕೈಯಲ್ಲೂ ಕಬ್ಬಿನ ಗಣಿಕೆ. ಅದು ಮಕ್ಕಳಿಗೇ ಇರಲಿ.

ಪ್ರಮಾಣ? ಡ್ವಾರ್ಫ್‌ಗೆ ಒಂದು ಸಲಕ್ಕೆ 1ರಿಂದ 2 ಗ್ರಾಂ, ಅಂದ್ರೆ ನಿಮ್ಮ ಕಿರುಬೆರಳಿನ ಉಗುರಿನಷ್ಟು. ಸಿರಿಯನ್‌ಗೆ 4ರಿಂದ 5 ಗ್ರಾಂ. ವಾರಕ್ಕೆ ಎರಡು ಮೂರು ಸಲ ಸಾಕು. ಹೊಸ ತರಕಾರಿ ಒಂದು ಸಲಕ್ಕೆ ಒಂದೇ. ಎರಡು ಮೂರು ದಿನ ಹಿಕ್ಕೆ ಗಟ್ಟಿಯಾಗಿದೆಯಾ ನೋಡಿ ಮುಂದಿನದು. ಒಂದೇ ದಿನ ಮೂರು ಬದಲಾವಣೆ ಮಾಡಿದರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗಲ್ಲ, ಇದು ನಮ್ಮ ವೃತ್ತಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ :-) ಈಗಷ್ಟೇ ಮನೆಗೆ ಬಂದ ಸಣ್ಣ ಮರಿಗೆ ಮೊದಲ ಕೆಲವು ವಾರ ತರಕಾರಿಯ ಗೊಡವೆಯೇ ಬೇಡ.

ಸೌತೆಕಾಯಿಯನ್ನ ಮೊದಲು ನೀವು ಕಡಿದು ನೋಡಿ. ಕಹಿ ಇದ್ದರೆ ಬಿಸಾಡಿ. ತುದಿ ಕತ್ತರಿಸಿ ತಿಕ್ಕಿ ನೊರೆ ತೆಗೆದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಕಹಿಗೆ ಕಾರಣ ಕುಕುರ್ಬಿಟಾಸಿನ್ ಅನ್ನೋ ವಸ್ತು, ಸೋರೆಕಾಯಿಯಲ್ಲೂ ಅದೇ. ಕಹಿ ಸೋರೆಕಾಯಿ ರಸ ಕುಡಿದು ನಮ್ಮ ದೇಶದಲ್ಲಿ ಜನರೇ ಸತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದಕ್ಕಾಗಿ ತಜ್ಞರ ಸಮಿತಿಯನ್ನೇ ಮಾಡಬೇಕಾಯ್ತು. ಮನುಷ್ಯನನ್ನ ಕೆಡವೋದು 40 ಗ್ರಾಂ ಜೀವವನ್ನ ಬಿಡುತ್ತಾ?

ಔಷಧ ಹೊಡೆದ ತರಕಾರಿಗೂ ಇದೇ ತೂಕದ ಲೆಕ್ಕ. ಸಿಪ್ಪೆ ಮೇಲಿನ ಕೀಟನಾಶಕದ ಅಂಶ ನಮಗೆ ಲೆಕ್ಕಕ್ಕಿಲ್ಲದಷ್ಟು ಇರಬಹುದು, ಅದರ ಮೈಗೆ ಅದು ದೊಡ್ಡ ಪಾಲು. ಹರಿಯೋ ನೀರಲ್ಲಿ ಉಜ್ಜಿ ತೊಳೆದು, ಸೌತೆ, ಗಜ್ಜರಿಯ ಸಿಪ್ಪೆ ತೆಗೆದು, ನೀರು ಒರೆಸಿ ಕೊಡಿ. ಫ್ರಿಜ್ಜಿನಿಂದ ತೆಗೆದಿದ್ದನ್ನ ಹಾಗೇ ಹಾಕಬೇಡಿ. ಸಂಜೆ ಅದು ಎದ್ದಮೇಲೆ ಹಾಕಿ, ನೀವು ಮಲಗೋ ಮುಂಚೆ ಉಳಿದದ್ದನ್ನ ತೆಗೀರಿ, ಗೂಡಿನೊಳಗೆ ಬಚ್ಚಿಟ್ಟದ್ದನ್ನೂ ಹುಡುಕಿ ತೆಗೀರಿ. ಒಣ ಕಾಳು ಮಾತ್ರ ಅಲ್ಲೇ ಇರಲಿ, ಹಗೇವು ಪೂರ್ತಿ ದೋಚಿದರೆ ಪಾಪ ಅದಕ್ಕೆ ಗಾಬರಿಯಾಗುತ್ತೆ.

ಊರಿನ ಎರಡು ಹೆಮ್ಮೆಗಳ ಬಗ್ಗೆಯೂ ಒಂದು ಮಾತು. ಗೋಕಾಕದ ಕರದಂಟು ಹ್ಯಾಮ್‌ಸ್ಟರ್‌ಗೆ ಸಲ್ಲದು. ಬೆಲ್ಲ, ಅಂಟು ಎರಡೂ ಗಲ್ಲದ ಚೀಲಕ್ಕೆ ಮೆತ್ತಿಕೊಂಡರೆ ಬಿಡಲ್ಲ, ಒಳಗೆ ಹುಣ್ಣಾಗುತ್ತೆ. ಇನ್ನೊಂದು ಗೋಕಾಕದ ಬಣ್ಣದ ಗೊಂಬೆಗಳು, ಥೇಟ್ ನಿಜವಾದವೇ ಅನ್ನಿಸೋ ಆ ಹಣ್ಣು ಕಾಯಿಪಲ್ಯೆಗಳು. ಹ್ಯಾಮ್‌ಸ್ಟರಿನ ಹಲ್ಲು ಬೆಳೀತಾನೇ ಇರೋದರಿಂದ ಕಡಿಯೋಕೆ ಕಟ್ಟಿಗೆ ಬೇಕು ನಿಜ, ಆದರೆ ಬಣ್ಣ ಬಳಿದದ್ದು ಬೇಡ.

"ಇಷ್ಟೆಲ್ಲ ರಗಳೆ ಯಾಕೆ, ತರಕಾರಿಯೇ ಬೇಡ, ಬರೀ ಜೋಳ ಹಾಕಿದರಾಯ್ತು" ಅನ್ನೋರೂ ಇದ್ದಾರೆ. ಅದೂ ಸರಿಯಲ್ಲ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅಲ್ಲಿನ ಹೊಲಗಳಲ್ಲಿರೋ ಯುರೋಪಿಯನ್ ಹ್ಯಾಮ್‌ಸ್ಟರ್, ಅದು ನಮ್ಮ ಮನೆಯದಕ್ಕಿಂತ ದೊಡ್ಡ ಬೇರೆ ಜಾತಿ, ಬರೀ ಗೋವಿನಜೋಳದ ಮೇಲೆ ಬದುಕಬೇಕಾಗಿ ಬಂದಾಗ ತಾಯಂದಿರು ತಮ್ಮ ಮರಿಗಳನ್ನೇ ತಿಂದುಬಿಟ್ಟವು. ಕಾರಣ ವಿಟಮಿನ್ ಬಿ3 ಕೊರತೆ. ಅದನ್ನ ಸೇರಿಸಿ ಕೊಟ್ಟಾಗ ಸರಿಹೋದವು. ನಮ್ಮಜ್ಜಿ ಕೂಡ ಬರೀ ರೊಟ್ಟಿ ತಿಂದವರಲ್ಲ. ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಚಟ್ನಿ ಏನಾದರೊಂದು ಜೊತೆಗಿರ್ತಿತ್ತು. ಹ್ಯಾಮ್‌ಸ್ಟರ್‌ಗೂ ಅಷ್ಟೇ. ಅದಕ್ಕೆಂದೇ ತಯಾರಾದ ಪೆಲೆಟ್ ಸಿಕ್ಕರೆ ಅದೇ ಮುಖ್ಯ ಊಟ. ಜೊತೆಗೆ ನವಣೆ, ಸಜ್ಜೆ, ಜೋಳ ಸ್ವಲ್ಪ ಸ್ವಲ್ಪ, ಆಗಾಗ ಬೇಯಿಸಿದ ಮೊಟ್ಟೆಯ ಚೂರು. ತರಕಾರಿ ಉಪ್ಪಿನಕಾಯಿ ಇದ್ದ ಹಾಗೆ, ತಾಟಿನ ಮೂಲೆಯಲ್ಲಿ.

ಇನ್ನೊಂದು ವಾದ ಅಕ್ಕನದೇ. "ಗಟಾರದಾಗಿನ ಇಲಿ ಎಲ್ಲಾ ತಿಂದ ಹೆಂಗ ಗುಂಡಗ ಇರತಾವಲ್ಲೋ!" ಇರ್ತಾವೆ ನಿಜ. ಆದರೆ ನಮಗೆ ಕಾಣೋದು ಬದುಕಿದ ಇಲಿಗಳು ಮಾತ್ರ. ತಿಂದು ಸತ್ತವು ಬಿಲದೊಳಗೇ ಇರ್ತಾವೆ, ಲೆಕ್ಕಕ್ಕೆ ಸಿಗಲ್ಲ. ಅದಕ್ಕಿಂತ ಮುಖ್ಯವಾದದ್ದು, ಹೊರಗಿನ ಇಲಿ ತನಗೆ ಬೇಕಾದ್ದನ್ನ ಮೂಸಿ ನೋಡಿ ಆರಿಸಿಕೊಳ್ಳುತ್ತೆ, ಬೇಡವಾದ್ದನ್ನ ಬಿಟ್ಟು ಮುಂದೆ ಹೋಗುತ್ತೆ. ಪಂಜರದೊಳಗಿನದಕ್ಕೆ ಆ ಅವಕಾಶವೇ ಇಲ್ಲ. ಆಯ್ಕೆಯನ್ನ ಅದರಿಂದ ಕಿತ್ತುಕೊಂಡವರು ನಾವು, ಹಾಗಾಗಿ ಆರಿಸೋ ಕೆಲಸವೂ ನಮ್ಮದೇ.

ಮಾರೋರ ಜವಾಬ್ದಾರಿಯೂ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಸಾಕುಪ್ರಾಣಿ ಅಂಗಡಿಗಳಿಗೆ ಅಂತ ನಿಯಮ ತಂತು. ಅದರಲ್ಲಿ ಸಾಕುಪ್ರಾಣಿಗಳ ಪಟ್ಟಿಯಲ್ಲಿ ಹ್ಯಾಮ್‌ಸ್ಟರಿನ ಹೆಸರೂ ಇದೆ. ಅಂಗಡಿ ನಡೆಸೋಕೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು. ನನ್ನ ಪ್ರಕಾರ ಇದರ ಜೊತೆ ಇನ್ನೊಂದು ಸಣ್ಣ ಕೆಲಸ ಆಗಬೇಕು. ಪ್ರತಿ ಪ್ರಾಣಿಯ ಜೊತೆ ಒಂದು ಹಾಳೆ, ಕನ್ನಡದಲ್ಲಿ. ಇದು ಯಾವ ಜಾತಿ, ವಯಸ್ಸೆಷ್ಟು, ಏನು ಹಾಕಬೇಕು, ಎಷ್ಟು ಹಾಕಬೇಕು, ಏನು ಹಾಕಲೇಬಾರದು. ಒಂದು ಜೆರಾಕ್ಸ್‌ಗೆ ಎಷ್ಟು ಖರ್ಚಾಗುತ್ತೆ? ಮಿಕ್ಸರ್ ಕೊಂಡರೆ ಹದಿನಾರು ಪುಟದ ಪುಸ್ತಕ ಕೊಡ್ತಾರೆ, ಜೀವ ಕೊಂಡರೆ "ಏನ್ ಹಾಕಿದ್ರೂ ತಿಂತೈತ್ರೀ" ಅನ್ನೋ ಮೂರು ಮಾತು!

ಆ ಹಾಳೆ ಬರೋವರೆಗೆ ಕಾಯಬೇಕಾಗಿಲ್ಲ. ಕೆಲವು ನೂರು ರೂಪಾಯಿಗೆ ಗ್ರಾಂ ತೋರಿಸೋ ಪುಟ್ಟ ಡಿಜಿಟಲ್ ತಕ್ಕಡಿ ಸಿಗುತ್ತೆ. ಅಕ್ಕನ ಮನೆಗೆ ಒಂದು ಕಳಿಸಿದೀನಿ. ತರಕಾರಿ ತೂಗೋಕೆ ಮಾತ್ರ ಅಲ್ಲ, ವಾರಕ್ಕೊಮ್ಮೆ ಆ ಪ್ರಾಣಿಯನ್ನೇ ಬಟ್ಟಲಲ್ಲಿ ಕೂರಿಸಿ ತೂಗಿ, ಕ್ಯಾಲೆಂಡರ್ ಮೇಲೆ ಬರೆದಿಡಬೇಕು. ತೂಕ ಹತ್ತರಲ್ಲಿ ಒಂದು ಭಾಗ ಇಳಿದರೆ ಏನೋ ಕೆಟ್ಟಿದೆ ಅಂತ ಅರ್ಥ, ಕಣ್ಣಿಗೆ ಕಾಣೋ ಮುಂಚೆಯೇ ತಕ್ಕಡಿ ಹೇಳುತ್ತೆ. ಈ ಕೆಲಸ ಮಗುವಿಗೇ ಕೊಡಿ. ಗ್ರಾಂ ಅಂದ್ರೇನು ಅಂತ ಶಾಲೆಗಿಂತ ಚೆನ್ನಾಗಿ ಕಲಿಯುತ್ತೆ. ಹಾಗೇ ನಿಮ್ಮೂರ ಸಂತೆಗೆ ಬರೋ ಕಾಯಿಪಲ್ಯೆಗಳ ಹೆಸರು, ನಿಮ್ಮಲ್ಲಿ ಕರೆಯೋ ಹೆಸರಲ್ಲೇ, ಕೊಡೋದು ಒಂದು ಕಡೆ, ಕೊಡಬಾರದ್ದು ಇನ್ನೊಂದು ಕಡೆ ಬರೆದು ಪಂಜರದ ಮೇಲೆ ಅಂಟಿಸಿ. ನೀವು ಮನೇಲಿ ಇಲ್ಲದಾಗ ಬಂದ ನೆಂಟರ ಮಕ್ಕಳೂ ಓದಲಿ.

ಏನಂತೀರಿ?